ಬುದ್ಧಿ ಹೇಳುವುದು ಬಿಟ್ಟ ಮೇಲೆ

ಮೊದಲ ಹುಡುಗನ ವಿಷಯದಲ್ಲಿ ನಾನು ಸೋತೆ. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ಓದಿನ ಮೇಲೆ, ಶಾಲೆಯ ಮೇಲೆ, ಕೊನೆಗೆ ತಮ್ಮ ಮೇಲೇ ಬೇಸರ ಬಂದ 13ರಿಂದ 16 ವಯಸ್ಸಿನ ಮಕ್ಕಳ ಜೊತೆ ವಾರಕ್ಕೊಮ್ಮೆ ಕೂರುವುದು ನನ್ನ ಕೆಲಸ. ಮೆಂಟರ್ ಅನ್ನುತ್ತಾರೆ. ಆಗ ನಾನು ಹೊಸಬ, ಹುಮ್ಮಸ್ಸು ಜಾಸ್ತಿ. ಪ್ರತಿ ಸಲವೂ ಒಂದು ಭಾಷಣ ಕಟ್ಟಿಕೊಂಡು ಹೋಗುತ್ತಿದ್ದೆ. ಹುಡುಗ ತಲೆಯಾಡಿಸುತ್ತಿದ್ದ. ಬುದ್ಧಿಮಾತು ಕೇಳಿ ಕೇಳಿ ಪಳಗಿದ ಮಕ್ಕಳಿಗೆ ಎಲ್ಲಿ ತಲೆಯಾಡಿಸಿದರೆ ಮಾತು ಬೇಗ ಮುಗಿಯುತ್ತದೆ ಅಂತ ಚೆನ್ನಾಗಿ ಗೊತ್ತಿರುತ್ತದೆ. ಎರಡು ತಿಂಗಳಲ್ಲಿ ನನಗೆ ಬೇರೆ ಕೆಲಸ ಹೆಚ್ಚಾಯಿತು. ಒಂದು ವಾರ ತಪ್ಪಿಸಿದೆ, ಆಮೇಲೆ ಇನ್ನೊಂದು, ಆಮೇಲೆ ಹೋಗುವುದೇ ನಿಂತಿತು. ಅವನಿಗೆ ಒಂದು ಮಾತು ಹೇಳಿಯೂ ಬರಲಿಲ್ಲ.

ಜೀನ್ ಗ್ರಾಸ್‌ಮನ್ ಮತ್ತು ಜೀನ್ ರೋಡ್ಸ್ 2002ರಲ್ಲಿ ಪ್ರಕಟಿಸಿದ ಅಧ್ಯಯನದ ಬಗ್ಗೆ ಓದಿದ್ದು ಆಮೇಲೆ. ಅಮೆರಿಕದಲ್ಲಿ ಮೆಂಟರ್ ಸಿಕ್ಕ ಮಕ್ಕಳನ್ನು ಅವರು ಗಮನಿಸಿದ್ದರು. ಒಂದು ವರ್ಷ ಅಥವಾ ಅದಕ್ಕಿಂತ ಜಾಸ್ತಿ ನಡೆದ ಜೋಡಿಗಳಲ್ಲಿ ಮಕ್ಕಳಿಗೆ ಎಲ್ಲಕ್ಕಿಂತ ಹೆಚ್ಚು ಒಳ್ಳೆಯದಾಗಿತ್ತು. 3 ತಿಂಗಳೊಳಗೆ ಕೈಬಿಟ್ಟ ಕಡೆ ಮಕ್ಕಳಿಗೆ ತಮ್ಮ ಮೇಲಿದ್ದ ನಂಬಿಕೆಯೇ ಕುಸಿದಿತ್ತು. ಓದಿ ಸುಮ್ಮನೆ ಕುಳಿತೆ. ನಾನು ಹೋಗದೇ ಇದ್ದಿದ್ದರೇ ಅವನಿಗೆ ವಾಸಿಯಿತ್ತೇನೋ.

ಎರಡನೆಯವನ ಹೊತ್ತಿಗೆ ಭಾಷಣ ಬಿಟ್ಟೆ. ಒಂದೇ ದಿನ, ಒಂದೇ ಹೊತ್ತು, ಒಂದೇ ಕೋಣೆ, 40 ನಿಮಿಷ. ಬಾಗಿಲು ತೆರೆದೇ ಇರುತ್ತಿತ್ತು. ಎದುರು ಕೂರದೆ ಪಕ್ಕದಲ್ಲಿ ಕೂರುತ್ತಿದ್ದೆ. ಕಣ್ಣಲ್ಲಿ ಕಣ್ಣಿಟ್ಟು ಕೇಳಿದರೆ ಅದು ವಿಚಾರಣೆಯಾಗುತ್ತದೆ, ಅಲ್ವಾ? ಕೈಗೆ ಏನಾದರೂ ಇದ್ದರೆ ಮಾತು ತಾನಾಗಿ ಬರುತ್ತದೆ ಅಂತ ಇಸ್ಪೀಟಿನ ಒಂದು ಕಟ್ಟು ಇಟ್ಟುಕೊಂಡಿದ್ದೆ. ಒಬ್ಬ ಟೀಚರ್ ಹುಬ್ಬೇರಿಸಿದರು. ಏರಿಸಲಿ ಅಂದುಕೊಂಡೆ.

ಮೊದಲ ದಿನವೇ ಅವನಿಗೆ ಹೇಳಿದ್ದೆ: ಇಲ್ಲಿ ಆಡಿದ ಮಾತು ಹೊರಗೆ ಹೋಗಲ್ಲ; ಆದರೆ ನಿನಗೋ ಇನ್ನೊಬ್ಬರಿಗೋ ಅಪಾಯ ಇದೆ ಅನ್ನಿಸಿದರೆ ನಾನು ಹೇಳಲೇಬೇಕಾಗುತ್ತದೆ, ಹೇಳುವ ಮೊದಲು ನಿನಗೆ ತಿಳಿಸುತ್ತೇನೆ. ಇದನ್ನು ಮೊದಲೇ ಹೇಳಬೇಕು. ಮಗು ಬಾಯಿಬಿಟ್ಟ ಮೇಲೆ ಹೇಳಿದರೆ ಮೋಸ ಮಾಡಿದ ಹಾಗೆ.

ಐದು ವಾರ ಆಟವಷ್ಟೇ ನಡೆಯಿತು.

ಅಷ್ಟರಲ್ಲಿ ನಾನು ಅವನ ಮೇಲೆ ಬಂದ ದೂರುಗಳ ಪಟ್ಟಿ ನೋಡುತ್ತಿದ್ದೆ. ಏನು ಮಾಡಿದ ಅನ್ನುವುದಕ್ಕಿಂತ ಯಾವಾಗ ಮಾಡಿದ ಅನ್ನುವುದು ನನಗೆ ಬೇಕಿತ್ತು. ಗಲಾಟೆಯೆಲ್ಲ ಹೆಚ್ಚುಕಡಿಮೆ ಎರಡೇ ಪಿರಿಯಡ್‌ಗಳಲ್ಲಿ. ಎರಡರಲ್ಲೂ ಮಕ್ಕಳು ಒಬ್ಬೊಬ್ಬರಾಗಿ ಎದ್ದು ಪಾಠ ಗಟ್ಟಿಯಾಗಿ ಓದಬೇಕಿತ್ತು. ಸರದಿ ಎರಡು ಬೆಂಚು ಆಚೆ ಬರುವಷ್ಟರಲ್ಲಿ ಇವನು ಯಾರಿಗೋ ಗುದ್ದುತ್ತಿದ್ದ, ಇಲ್ಲ ಏನೋ ಅಂದುಬಿಡುತ್ತಿದ್ದ. 'ಹೊರಗೆ ನಡಿ' ಅನ್ನಿಸಿಕೊಳ್ಳುತ್ತಿದ್ದ. ಎಲ್ಲರ ಕಣ್ಣಿಗೆ ಅದು ಶಿಕ್ಷೆ. ಅವನಿಗೆ ಅದೇ ಬಿಡುಗಡೆ. ತಡವರಿಸಿ ನಗೆಪಾಟಲಾಗುವುದಕ್ಕಿಂತ ಪುಂಡ ಅನ್ನಿಸಿಕೊಳ್ಳುವುದು ಎಷ್ಟೋ ಮೇಲು. ಆ ವಯಸ್ಸಿನಲ್ಲಿ ನಾನಾದರೂ ಅದನ್ನೇ ಮಾಡುತ್ತಿದ್ದೆ.

'ನಿನಗೆ ಓದಲು ಕಷ್ಟವಾ?' ಅಂತ ನೇರವಾಗಿ ಕೇಳಿದ್ದರೆ ಎದ್ದು ಹೋಗುತ್ತಿದ್ದ. ಎಲೆ ಹಂಚುತ್ತಾ, 'ಸೊನ್ನೆಯಿಂದ ಹತ್ತರೊಳಗೆ ಆ ಕ್ಲಾಸಿಗೆ ಎಷ್ಟು ಕೊಡ್ತೀಯ?' ಅಂದೆ. 'ಎರಡು.' 'ಸೊನ್ನೆ ಯಾಕಲ್ಲ?' ಅವನು ನನ್ನ ಮುಖ ನೋಡಿದ. ಎಲ್ಲರೂ ಕೇಳುವುದು ಹತ್ತು ಯಾಕಲ್ಲ ಅಂತ. ಸ್ವಲ್ಪ ಹೊತ್ತಾದ ಮೇಲೆ ಹೇಳಿದ: 'ಕಥೆ ಚೆನ್ನಾಗಿರುತ್ತೆ ಸರ್. ಬೇರೆಯವರು ಓದಿದ್ರೆ.'

ಟೀಚರಿಗೆ ಏನು ಹೇಳಬಹುದು ಅಂತ ಅವನನ್ನೇ ಕೇಳಿದೆ. ನಾವು ಮೂವರೂ ಕೂತು ಒಂದು ಒಪ್ಪಂದ ಮಾಡಿಕೊಂಡೆವು. ಅವನು ಓದಬೇಕಾದ ನಾಲ್ಕು ಸಾಲನ್ನು ಹಿಂದಿನ ದಿನವೇ ಗುರುತು ಮಾಡಿಕೊಡುವುದು. ಪೆನ್ನನ್ನು ಪುಸ್ತಕದ ಮೇಲೆ ಇಟ್ಟಿದ್ದರೆ ಮಾತ್ರ ಅವನನ್ನು ಎಬ್ಬಿಸುವುದು. ಓದು ಕಲಿಸುವವರ ಹತ್ತಿರವೂ ಕಳಿಸಿದರು. ಅದು ನನ್ನಿಂದ ಆಗುವ ಕೆಲಸವಲ್ಲ, ನಾನು ಕೈಹಾಕಲೂ ಇಲ್ಲ. ಮೂರು ವಾರ ಪೆನ್ನು ಜೇಬಿನಲ್ಲೇ ಇತ್ತು. ಆದರೆ ಅವನು ಕ್ಲಾಸಿನೊಳಗಿದ್ದ.

ಇಷ್ಟಕ್ಕೆಲ್ಲ ಸರಿಹೋಯಿತು ಅಂತಲ್ಲ. ಗಣಿತದ ಕ್ಲಾಸಿನಿಂದ ಕೊನೆಯವರೆಗೂ ಓಡಿಹೋಗುತ್ತಿದ್ದ. ಒಮ್ಮೆ ಹೊಡೆದಾಡಿಕೊಂಡು ಮೂರು ದಿನ ಮನೆಗೆ ಹೋದ. ವಾಪಸ್ ಬಂದಾಗ ನಾನು ಅದರ ಮಾತೆತ್ತಲಿಲ್ಲ. ಬೈಯಲು ಬೇಕಾದಷ್ಟು ಜನ ಇದ್ದರು.

ಈ ಸಲ ಮುಗಿಸುವುದನ್ನೂ ಲೆಕ್ಕ ಹಾಕಿಕೊಂಡಿದ್ದೆ. ಇನ್ನು ಆರು ವಾರ, ಇನ್ನು ಐದು, ಅಂತ ಪ್ರತಿ ಸಲ ಹೇಳುತ್ತಾ ಬಂದೆ. ಎರಡು ವಾರ ಉಳಿದಾಗ ಅವನು ಮತ್ತೆ ಒರಟಾದ. ಬಿಟ್ಟುಹೋಗುವವರನ್ನು ತಾನೇ ಮೊದಲು ಬಿಡುವುದು ಇಂಥ ಮಕ್ಕಳ ಹಳೇ ಅಭ್ಯಾಸ.

ಕೊನೆಯ ದಿನ ಅವನು ಬರಲಿಲ್ಲ. ನಾನು ಎಲೆ ಕಲೆಸುತ್ತಾ ಕುಳಿತೆ. ಹತ್ತು ನಿಮಿಷ ಉಳಿದಿತ್ತು, ಬಾಗಿಲಲ್ಲಿ ತಲೆ ಹಾಕಿದ.

'ಹೋಗಿಬಿಟ್ಟಿರ್ತೀರ ಅಂದ್ಕೊಂಡೆ.'

'40 ನಿಮಿಷ ಇನ್ನೂ ಆಗಿಲ್ಲ' ಅಂದೆ.

ಬಂದು ಕುಳಿತ. ಎಲೆ ಹಂಚಿದ. ಆಟ ಮುಗಿಯುವ ಮೊದಲೇ ಬೆಲ್ ಹೊಡೆಯಿತು.