ಹಸುಗೂಸನ್ನು ಹದವಾಗಿ ಬೆಚ್ಚಗಿಡುವುದು ಹೇಗೆ

ಮಗುವಿನ ಅಂಗೈ ತಣ್ಣಗಿದೆಯೆಂದು ಗಾಬರಿಗೊಂಡು ಕಂಬಳಿಯ ಮೇಲೆ ಕಂಬಳಿ ಹೊದಿಸುವವರೇ ಹೆಚ್ಚು. ಹುಟ್ಟಿದ ಹೊಸತರಲ್ಲಿ ಕೈಕಾಲುಗಳ ರಕ್ತಸಂಚಾರ ಇನ್ನೂ ಹದಕ್ಕೆ ಬರುತ್ತಿರುವುದರಿಂದ ಅವುಗಳನ್ನಷ್ಟೇ ಮುಟ್ಟಿ ತೀರ್ಮಾನಕ್ಕೆ ಬರಬಾರದು. ನಿಮ್ಮ ಕೈಯನ್ನು ಮೊದಲು ಉಜ್ಜಿ ಬೆಚ್ಚಗೆ ಮಾಡಿಕೊಂಡು, ಅಂಗಿಯೊಳಗೆ ಎರಡು ಬೆರಳು ತೂರಿಸಿ ಎದೆಯನ್ನೋ ಕತ್ತಿನ ಹಿಂಭಾಗವನ್ನೋ ಮುಟ್ಟಿ ನೋಡಿ. ಅಲ್ಲಿ ಚರ್ಮ ಬೆಚ್ಚಗೂ ಒಣಗಿಯೂ ಇದ್ದರೆ ಸರಿ; ಬೆವರಿನಿಂದ ಅಂಟಂಟಾಗಿದ್ದರೆ ಒಂದು ಪದರ ಬಟ್ಟೆ ತೆಗೆಯಬೇಕು. ಎದೆ ಬೆಚ್ಚಗಿದ್ದು ಅಂಗಾಲು ಮಾತ್ರ ತಣ್ಣಗಿದ್ದರೆ ಕಾಲುಚೀಲ ತೊಡಿಸಿ, ಎತ್ತಿಕೊಂಡು, ಸ್ವಲ್ಪ ಹೊತ್ತಿನ ನಂತರ ಮತ್ತೆ ನೋಡಿ. ಎದೆಯೂ ತಣ್ಣಗಿದ್ದರೆ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ಅಳೆಯಬೇಕು, 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಸಹಜವಾದ ಮಟ್ಟ.

ಚಳಿಯಾದರೆ ದೊಡ್ಡವರಂತೆ ನಡುಗಿ ಶಾಖ ಹುಟ್ಟಿಸಿಕೊಳ್ಳಲು ಹಸುಗೂಸಿಗೆ ಬಾರದು. ಕತ್ತಿನ ಸುತ್ತ ಮತ್ತು ಹೆಗಲ ಮೂಳೆಗಳ ನಡುವೆ ಶೇಖರವಾಗಿರುವ ಕಂದು ಕೊಬ್ಬನ್ನು ಕರಗಿಸಿಯೇ ಅದು ಮೈ ಕಾಯಿಸಿಕೊಳ್ಳಬೇಕು, ಮತ್ತು ಬೆಳವಣಿಗೆಗೆ ಸಲ್ಲಬೇಕಾದ ಶಕ್ತಿ ಇದಕ್ಕೇ ವ್ಯಯವಾಗುತ್ತದೆ. 37 ವಾರ ತುಂಬುವ ಮೊದಲೇ ಹುಟ್ಟಿದ ಅಥವಾ 2.5 ಕಿಲೋಗಿಂತ ಕಡಿಮೆ ತೂಕದ ಮಕ್ಕಳಲ್ಲಿ ಈ ಕೊಬ್ಬಿನ ದಾಸ್ತಾನೇ ಕಡಿಮೆ.

ಮೈ ಒದ್ದೆಯಾಗಿದ್ದಾಗ ಶಾಖ ಬಹುಬೇಗ ಸೋರಿಹೋಗುತ್ತದೆ. ಆದ್ದರಿಂದ ಮೊದಲ ಸ್ನಾನವನ್ನು ಹುಟ್ಟಿದ 24 ಗಂಟೆಗಳಾದರೂ ಕಳೆದ ಮೇಲೆ ಮಾಡಿಸುವುದು ಒಳ್ಳೆಯದು. ಸ್ನಾನಕ್ಕೆ ಮುಂಚೆ ಕಿಟಕಿ ಮುಚ್ಚಿ, ಫ್ಯಾನ್ ನಿಲ್ಲಿಸಿ, ಒಣ ಬಟ್ಟೆಗಳನ್ನು ಕೈಗೆ ಸಿಗುವಂತೆ ಇಟ್ಟುಕೊಂಡು, ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಿಕೊಳ್ಳಬೇಕು. ತಲೆಯನ್ನು ಕೊನೆಯಲ್ಲಿ ತೊಳೆದು ತಕ್ಷಣ ಒರೆಸಿ. ಕಿವಿಯ ಹಿಂದೆ, ಕತ್ತಿನ ಮಡಿಕೆಗಳಲ್ಲಿ ತೇವ ಉಳಿಯದಿರಲಿ. ಒರೆಸಿದ ಒದ್ದೆ ಟವೆಲ್‌ನಲ್ಲೇ ಮಗುವನ್ನು ಸುತ್ತಿಡಬಾರದು. ಒದ್ದೆ ಡೈಪರ್‌ನ ವಿಷಯವೂ ಅಷ್ಟೇ.

ಕೋಣೆಯಲ್ಲಿ ನೀವು ಎಷ್ಟು ಪದರ ಬಟ್ಟೆ ತೊಟ್ಟು ಹಾಯಾಗಿದ್ದೀರೋ, ಮಗುವಿಗೆ ಅದಕ್ಕಿಂತ ಒಂದು ಪದರ ಹೆಚ್ಚು ಸಾಕು. ದಪ್ಪನೆಯ ಒಂದು ಬಟ್ಟೆಗಿಂತ ತೆಳುವಾದ ಎರಡು ಮೇಲು, ಏಕೆಂದರೆ ಒಂದನ್ನು ಬಿಚ್ಚುವುದು ಸುಲಭ. ಅತಿಯಾದ ಶಾಖವೂ ಅಪಾಯವೇ: ನಿದ್ರೆಯಲ್ಲಿ ಶಿಶುಗಳು ಹಠಾತ್ತನೆ ಸಾಯುವುದಕ್ಕೂ ಅತಿಯಾಗಿ ಹೊದಿಸುವುದಕ್ಕೂ ನಂಟಿದೆ. ಮಲಗಿಸುವಾಗ ಅಂಗಾತವಾಗಿ ಮಲಗಿಸಿ; ಸಡಿಲವಾದ ಹೊದಿಕೆ, ದಿಂಬು ಬೇಡ. ವೈದ್ಯರು ಬೇರೆ ರೀತಿ ಹೇಳದಿದ್ದರೆ ಮನೆಯೊಳಗೆ ಮಲಗುವಾಗ ಟೋಪಿಯನ್ನೂ ತೆಗೆಯಿರಿ. ಅದು ಜಾರಿ ಮುಖ ಮುಚ್ಚಬಹುದು. ಬಿಸಿನೀರಿನ ಚೀಲದಿಂದ ಚರ್ಮ ಸುಡಬಹುದು. ಮುಚ್ಚಿದ ಕೋಣೆಯಲ್ಲಿ ಕೆಂಡವಿಟ್ಟರೆ ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ತುಂಬಿಕೊಳ್ಳುತ್ತದೆ. ಇವೆರಡರ ಸಹವಾಸವೇ ಬೇಡ.

ಮೈ ತಣ್ಣಗಾದ ಮಗುವಿಗೆ ತಾಯಿಯ ಮೈಯ ಬಿಸುಪಿಗಿಂತ ಉತ್ತಮ ಉಪಾಯ ಮನೆಯಲ್ಲಿ ಮತ್ತೊಂದಿಲ್ಲ. ತಂದೆಯೂ ಇದನ್ನು ಮಾಡಬಹುದು. ಡೈಪರ್ ಮತ್ತು ಟೋಪಿ ಮಾತ್ರ ಉಳಿಸಿ, ಬರಿಮೈಯ ಮಗುವನ್ನು ಬರಿಯ ಎದೆಯ ಮೇಲೆ ನೆಟ್ಟಗೆ ಒರಗಿಸಿಕೊಂಡು, ಮುಖವನ್ನು ಒಂದು ಪಕ್ಕಕ್ಕೆ ತಿರುಗಿಸಿ, ಮೂಗು ಬಾಯಿ ತೆರೆದಿರುವಂತೆ ನೋಡಿಕೊಂಡು ಬೆನ್ನಿನ ಮೇಲೆ ಹೊದಿಕೆ ಹಾಕಬೇಕು. ಎತ್ತಿಕೊಂಡವರು ನಿದ್ದೆ ಹೋಗಬಾರದು. ಹಾಲು ಕುಡಿಸುತ್ತಿರುವುದೂ ಮೈ ಕಾಯಲು ನೆರವಾಗುತ್ತದೆ.

ಹೀಗೆ ಒಂದು ಗಂಟೆ ಇಟ್ಟುಕೊಂಡರೂ ಉಷ್ಣತೆ 36.5 ಡಿಗ್ರಿಗೆ ಏರದಿದ್ದರೆ, ಅಥವಾ ಅದು 38 ಡಿಗ್ರಿ ಮುಟ್ಟಿದರೆ, ತಡಮಾಡದೆ ವೈದ್ಯರಿಗೆ ತೋರಿಸಬೇಕು. ಹಸುಗೂಸುಗಳಲ್ಲಿ ಸೋಂಕು ಜ್ವರವಾಗಿಯೂ ಕಾಣಿಸಿಕೊಳ್ಳಬಹುದು, ಮೈ ತಣ್ಣಗಾಗಿಯೂ ಕಾಣಿಸಿಕೊಳ್ಳಬಹುದು. ಮಗು ಹಾಲು ಬಿಟ್ಟಿದ್ದರೆ, ಮೈ ಸಡಿಲಬಿಟ್ಟು ಜೋಂಪಿನಲ್ಲಿದ್ದರೆ, ಉಸಿರಾಟ ವೇಗವಾಗಿದ್ದರೆ ಗಂಟೆ ಕಾಯದೆ, ಎದೆಗೊತ್ತಿಕೊಂಡೇ ಆಸ್ಪತ್ರೆಗೆ ಹೊರಡಬೇಕು.