ಆ 500 ಪೌಂಡ್ ಯಾವ 500? ಬ್ರಿಟನ್ನಿನ ಏಜೆನ್ಸಿಗಳ ಜೊತೆ ದರ ಕುದುರಿಸುವ ನನ್ನ ಕ್ರಮ

ನಾನು ಬ್ರಿಟನ್ನಿನಲ್ಲಿ ಏಜೆನ್ಸಿಗಳ ಮೂಲಕ ಕಾಂಟ್ರ್ಯಾಕ್ಟ್ ಮೇಲೆ ಕೆಲಸ ಮಾಡುತ್ತೇನೆ. ಇಲ್ಲಿ ಇನ್‌ಸೈಡ್ ಎಂದರೆ ಐಆರ್35 ಎಂಬ ತೆರಿಗೆ ಕಾಯ್ದೆಯ ಒಳಗೆ, ಅಂದರೆ ಕಾಂಟ್ರ್ಯಾಕ್ಟರ್‌ಗೂ ನೌಕರರಂತೆಯೇ ತೆರಿಗೆ ಕಡಿಯುವ ಕೆಲಸ; ಔಟ್‌ಸೈಡ್ ಎಂದರೆ ಅದರ ಹೊರಗೆ. ಏಜೆಂಟ್ ಫೋನ್ ಮಾಡಿ "ಆರು ತಿಂಗಳ ಕೆಲಸ, ದಿನಕ್ಕೆ 500 ಪೌಂಡ್, ಇನ್‌ಸೈಡ್" ಎಂದರೆ ನಾನು ತಕ್ಷಣ ಹೆಚ್ಚಿಗೆ ಕೇಳುವುದಿಲ್ಲ. ಆ 500 ಯಾವ 500 ಎಂದು ಕೇಳುತ್ತೇನೆ. ಅದು ಅಂಬ್ರೆಲಾ ಕಂಪನಿಗೆ (ಕಾಂಟ್ರ್ಯಾಕ್ಟರ್‌ಗಳನ್ನು ತನ್ನ ನೌಕರರನ್ನಾಗಿ ಮಾಡಿಕೊಂಡು ಸಂಬಳ ಕೊಡುವ ಮಧ್ಯದ ಕಂಪನಿಗೆ) ಏಜೆನ್ಸಿ ಕೊಡುವ ಒಟ್ಟು ಹಣವಾಗಿರಬಹುದು, ಅಂದರೆ ಅಸೈನ್‌ಮೆಂಟ್ ರೇಟ್. ಏಜೆನ್ಸಿಯೇ ತನ್ನ ಪೇರೋಲ್‌ಗೆ ಸೇರಿಸಿಕೊಂಡು ಕೊಡುವ ಪಿಎವೈಇ (ತೆರಿಗೆ ಹಿಡಿದುಕೊಂಡು ಕೊಡುವ) ಸಂಬಳವಾಗಿರಬಹುದು. ನನ್ನ ಲಿಮಿಟೆಡ್ ಕಂಪನಿ ಇನ್‌ವಾಯ್ಸ್ ಹಾಕುವ ದರವೂ ಆಗಿರಬಹುದು. ಈ ಮೂರರಲ್ಲಿ ಕೈಗೆ ಸಿಗುವ ಹಣ ಮೂರು ಥರ. ಪಿಎವೈಇ ಎಂದರೆ ಇನ್ನೊಂದು ಪ್ರಶ್ನೆ: ರಜೆಯ ಹಣ ಸೇರಿಯೋ, ಬಿಟ್ಟೋ? ಅಷ್ಟಕ್ಕೇ 12.07 ಶೇಕಡಾ ವ್ಯತ್ಯಾಸ ಬೀಳುತ್ತದೆ. ಉತ್ತರವನ್ನು ಈಮೇಲ್‌ನಲ್ಲಿ ತರಿಸಿಕೊಂಡ ಮೇಲೆಯೇ ಮುಂದಿನ ಮಾತು.

2025-26ರ ದರಗಳಲ್ಲಿ ಅಂಬ್ರೆಲಾ ಲೆಕ್ಕ ಹೀಗೆ. ವಾರಕ್ಕೆ ಐದು ದಿನ, 2,500 ಪೌಂಡ್. ಅಂಬ್ರೆಲಾದ ಶುಲ್ಕ 20 ಪೌಂಡ್ ಎಂದು ಹಿಡಿದರೆ ಉಳಿದದ್ದು 2,480. ಮಾಲೀಕರ ಪಾಲಿನ ನ್ಯಾಷನಲ್ ಇನ್ಶೂರೆನ್ಸ್ (ಎನ್‌ಐ, ಸಂಬಳದ ಮೇಲಿನ ಸಾಮಾಜಿಕ ಭದ್ರತೆಯ ವಂತಿಗೆ) ಇದರೊಳಗಿಂದಲೇ ಹೋಗಬೇಕು. ವಾರಕ್ಕೆ 96 ಪೌಂಡ್ ದಾಟಿದ ಹಣಕ್ಕೆ 15 ಶೇಕಡಾ. ಜೊತೆಗೆ ಇಡೀ ಸಂಬಳಕ್ಕೆ ಅಪ್ರೆಂಟಿಸ್‌ಶಿಪ್ ಲೆವಿ ಎಂಬ ತರಬೇತಿ ತೆರಿಗೆ ಅರ್ಧ ಶೇಕಡಾ. 2,480ಕ್ಕೆ 14.40 (96ರ 15 ಶೇಕಡಾ) ಕೂಡಿಸಿ 1.155ರಿಂದ ಭಾಗಿಸಿದರೆ ಗ್ರಾಸ್, ಅಂದರೆ ನನ್ನ ತೆರಿಗೆ ಕಡಿಯುವ ಮುಂಚಿನ ಸಂಬಳ, ಸುಮಾರು 2,160 ಬರುತ್ತದೆ. ಅದರಲ್ಲಿ ಸುಮಾರು 233 ಪೌಂಡ್ ರಜೆಯ ಹಣ. ಅದು ನನ್ನದೇ ದುಡ್ಡು, ಬೇರೆ ಹೆಸರಿನಲ್ಲಿ ಬರುತ್ತದೆ ಅಷ್ಟೆ. ಟ್ಯಾಕ್ಸ್ ಕೋಡ್ 1257ಎಲ್ (ಸಾಮಾನ್ಯ ತೆರಿಗೆರಹಿತ ಮಿತಿಯದು) ಇದ್ದರೆ ಆದಾಯ ತೆರಿಗೆ ಸುಮಾರು 622, ನೌಕರರ ಎನ್‌ಐ 82. ಕೈಗೆ ಬರುವುದು 1,456 ಪೌಂಡ್ ಆಸುಪಾಸು, ದಿನಕ್ಕೆ 291. ಪೆನ್ಷನ್ ಇದರಲ್ಲಿ ಇನ್ನೂ ಕಳೆದಿಲ್ಲ.

ಇದೇ ಲೆಕ್ಕವನ್ನು ತಿರುಗಿಸಿದಾಗಲೇ ಕುದುರಿಸಲು ಹಿಡಿತ ಸಿಗುವುದು. ನನಗೆ ದಿನಕ್ಕೆ 500 ಗ್ರಾಸ್ ಸಂಬಳ ಬೇಕಿದ್ದರೆ, ವಾರದ 2,500ನ್ನು 1.155ರಿಂದ ಗುಣಿಸಿ, 14.40 ಕಳೆದು, ಶುಲ್ಕದ 20 ಕೂಡಿಸಬೇಕು: 2,893. ಅಸೈನ್‌ಮೆಂಟ್ ರೇಟ್ ದಿನಕ್ಕೆ 579 ಆಗಬೇಕು. "ಇನ್‌ಸೈಡ್ ಆದ್ದರಿಂದ ಸ್ವಲ್ಪ ಜಾಸ್ತಿ ಮಾಡಿ" ಎಂದರೆ ಏಜೆಂಟ್ 15 ಪೌಂಡ್ ಸೇರಿಸಿ ಮುಗಿಸುತ್ತಾರೆ. "ಮಾಲೀಕರ ಎನ್‌ಐ ಮತ್ತು ಲೆವಿ ಸೇರಿ 579 ಆಗುತ್ತದೆ, ಲೆಕ್ಕ ಇಲ್ಲಿದೆ" ಎಂದು ಮೂರು ಸಾಲಿನ ಈಮೇಲ್ ಕಳಿಸಿದರೆ ಅವರು ಅದನ್ನೇ ಕ್ಲೈಂಟ್‌ಗೆ ತೋರಿಸಬಹುದು. ಅಂಬ್ರೆಲಾ ಬೇಡ, ಇನ್‌ಸೈಡ್ ಆದರೂ ಲಿಮಿಟೆಡ್ ಕಂಪನಿಯ ಮೂಲಕವೇ ಎಂದಾದರೆ ಮಾಲೀಕರ ಎನ್‌ಐ ಕಟ್ಟುವ ಹೊಣೆ ಏಜೆನ್ಸಿಯದು. ಒಪ್ಪಿಕೊಂಡ ಶುಲ್ಕದಿಂದ ಅದನ್ನು ಕಡಿಯುವಂತಿಲ್ಲ. ಹಾಗಾಗಿ ಅವರು ಮೊದಲೇ ದರ ಇಳಿಸಿ ಹೇಳುತ್ತಾರೆ. ಅಂಬ್ರೆಲಾ ದರ, ಲಿಮಿಟೆಡ್ ದರ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡದೆ ಒಪ್ಪಬಾರದು.

ದೊಡ್ಡ ಬ್ಯಾಂಕು, ಸರ್ಕಾರಿ ಇಲಾಖೆಗಳ ಕೆಲಸ ಎಷ್ಟೋ ಸಲ ಮಧ್ಯದ ಒಬ್ಬ ಸಪ್ಲೈಯರ್ ಮೂಲಕ, ಮೊದಲೇ ನಿಗದಿಯಾದ ರೇಟ್ ಕಾರ್ಡ್ ಮೇಲೆ ಬರುತ್ತದೆ. ಅಲ್ಲಿ ಏಜೆಂಟ್‌ನ ಕೈ ಕಟ್ಟಿರುತ್ತದೆ. ದರಕ್ಕಾಗಿ ಜಗ್ಗುವ ಬದಲು ನಾನು ಮನೆಯಿಂದ ಕೆಲಸ ಮಾಡುವ ದಿನಗಳನ್ನು ಕೇಳುತ್ತೇನೆ. ಮನೆ-ಆಫೀಸ್ ಓಡಾಟಕ್ಕೆ ಅಂಬ್ರೆಲಾ ನೌಕರರಿಗೆ 2016ರ ಏಪ್ರಿಲ್‌ನಿಂದ ಸಾಮಾನ್ಯವಾಗಿ ತೆರಿಗೆ ವಿನಾಯಿತಿ ಇಲ್ಲ. ರೈಲಿಗೆ ದಿನಕ್ಕೆ 40 ಪೌಂಡ್, ವಾರಕ್ಕೆ ಮೂರು ದಿನ ಎಂದರೆ ತೆರಿಗೆ ಕಟ್ಟಿ ಉಳಿದ ಹಣದಿಂದ 120 ಹೋಗುತ್ತದೆ. ಈ ಮಟ್ಟದ ಆದಾಯಕ್ಕೆ ತೆರಿಗೆ, ಎನ್‌ಐ ಸೇರಿ 42 ಶೇಕಡಾ ಕಡಿತ, ಮೇಲೆ ಮಾಲೀಕರ ಪಾಲು. ಆ 120 ದುಡಿಯಲು ಅಸೈನ್‌ಮೆಂಟ್ ರೇಟಿನಲ್ಲಿ ವಾರಕ್ಕೆ 239, ಅಂದರೆ ದಿನಕ್ಕೆ 48 ಪೌಂಡ್ ಬೇಕು. ಏಜೆಂಟ್ ಎಂದೂ ಕೊಡಲಾರದ 48 ಪೌಂಡನ್ನು ಕ್ಲೈಂಟ್ ಮ್ಯಾನೇಜರ್ ಒಂದು ಮಾತಿನಲ್ಲಿ ಕೊಡಬಲ್ಲರು.

ಇನ್ನು ಇನ್‌ಸೈಡ್, ಔಟ್‌ಸೈಡ್ ತೀರ್ಮಾನ. ಐಆರ್35 ಕಾಯ್ದೆ 2000ದ್ದು. ತೀರ್ಮಾನಿಸುವ ಹೊಣೆ ಸರ್ಕಾರಿ ವಲಯದಲ್ಲಿ 2017ರಲ್ಲಿ, ಖಾಸಗಿಯ ಮಧ್ಯಮ ಮತ್ತು ದೊಡ್ಡ ಕಂಪನಿಗಳಲ್ಲಿ 2021ರ ಏಪ್ರಿಲ್ 6ರಿಂದ ಕ್ಲೈಂಟ್ ಮೇಲೆ ಬಿತ್ತು. ಅವರು ಕಾರಣ ಸಹಿತ ಎಸ್‌ಡಿಎಸ್ ಎಂಬ ತೀರ್ಮಾನ ಪತ್ರ ಕೊಡಬೇಕು. "ನಮ್ಮಲ್ಲಿ ಎಲ್ಲರೂ ಇನ್‌ಸೈಡ್" ಎಂಬ ಒಂದೇ ಸಾಲು ಸಾಲದು. ಕೆಲಸವನ್ನು ನೋಡದೆ ಸಾರಾಸಗಟಾಗಿ ಹೇಳಿದರೆ ಅದು ಸೂಕ್ತ ಎಚ್ಚರಿಕೆ ವಹಿಸಿದಂತಲ್ಲ, ಆಗ ತೆರಿಗೆ ಹೊಣೆ ಕ್ಲೈಂಟ್‌ಗೇ ಬರಬಹುದು. ತಕರಾರು ಸಲ್ಲಿಸಿದರೆ ಕ್ಲೈಂಟ್ 45 ದಿನದೊಳಗೆ ಉತ್ತರಿಸಬೇಕು. ಆದರೆ ಅಲ್ಲಿಯವರೆಗೆ ಹಳೆಯ ತೀರ್ಮಾನದಂತೆಯೇ ತೆರಿಗೆ ಕಡಿಯುತ್ತಾರೆ. ಅದಕ್ಕೇ ಈ ವಾದವೆಲ್ಲ ಸಹಿಗೆ ಮೊದಲು. ಕ್ಲೈಂಟ್ ಸಣ್ಣ ಕಂಪನಿಯಾದರೆ ತೀರ್ಮಾನವೂ ಅಪಾಯವೂ ನನ್ನ ಕಂಪನಿಯವೇ. ಗಾತ್ರ ಕೇಳಿ ಪತ್ರ ಬರೆದರೆ ಅದಕ್ಕೂ 45 ದಿನದಲ್ಲಿ ಉತ್ತರ ಕೊಡಬೇಕು.

ಔಟ್‌ಸೈಡ್ ಕಾಗದದಲ್ಲಿ ಬದಲಿ ವ್ಯಕ್ತಿಯನ್ನು ಕಳಿಸುವ ಹಕ್ಕು, ಕೆಲಸದ ವಿಧಾನ ನನ್ನದೆಂಬ ಮಾತು, ಮುಂದೆ ಕೆಲಸ ಕೊಡಬೇಕೆಂದೂ ಮಾಡಬೇಕೆಂದೂ ಇಬ್ಬರಿಗೂ ಬಾಧ್ಯತೆ ಇಲ್ಲವೆಂಬುದು, ಈ ಮೂರನ್ನು ನೋಡುತ್ತೇನೆ. ಏಜೆನ್ಸಿಗೂ ಕ್ಲೈಂಟ್‌ಗೂ ನಡುವಿನ ಒಪ್ಪಂದ ನನ್ನ ಕಣ್ಣಿಗೆ ಬೀಳುವುದಿಲ್ಲ. ಅದರಲ್ಲಿ ಬದಲಿಗೆ ಅವಕಾಶವೇ ಇಲ್ಲದಿದ್ದರೆ ನನ್ನ ಕಾಗದದ ಸಾಲಿಗೆ ಬೆಲೆ ಕಡಿಮೆ. ಆದ್ದರಿಂದ ಕೆಲಸ ನಿಜವಾಗಿ ಹೇಗೆ ನಡೆಯುತ್ತದೆ ಎಂದು ಒಂದು ಪುಟ ಬರೆದು, ಹೌದೆಂದು ಕ್ಲೈಂಟ್ ಮ್ಯಾನೇಜರ್‌ರಿಂದ ಈಮೇಲ್ ತರಿಸುತ್ತೇನೆ. ಪರಿಹಾರ ತುಂಬುವ ಷರತ್ತನ್ನು ಎರಡು ಸಲ ಓದುತ್ತೇನೆ. ಔಟ್‌ಸೈಡ್ ತೀರ್ಮಾನವನ್ನು ಬ್ರಿಟನ್ನಿನ ತೆರಿಗೆ ಇಲಾಖೆ ಎಚ್‌ಎಂಆರ್‌ಸಿ ತಳ್ಳಿಹಾಕಿದರೆ, ಕ್ಲೈಂಟ್ ಎಚ್ಚರಿಕೆ ವಹಿಸಿದ್ದಲ್ಲಿ, ಬಾಕಿ ಬರುವುದು ನನಗೆ ಹಣ ಕೊಡುವ ಏಜೆನ್ಸಿಗೆ. ಅದನ್ನು ನನ್ನ ತಲೆಗೆ ಕಟ್ಟುವ ಸಾಲು ಒಪ್ಪಂದದ ನಡುವೆ ಅಡಗಿರುತ್ತದೆ. "ನಾನು ಸುಳ್ಳು ಮಾಹಿತಿ ಕೊಟ್ಟಿದ್ದರೆ ಮಾತ್ರ" ಎಂದು ಅದನ್ನು ಕಿರಿದು ಮಾಡಿಸುತ್ತೇನೆ.

ಏಜೆನ್ಸಿಗಳು ಹೇಗೆ ನಡೆದುಕೊಳ್ಳಬೇಕೆಂದು ಹೇಳುವ 2003ರ ಕಂಡಕ್ಟ್ ನಿಯಮಗಳಿಂದ ಹೊರಗುಳಿಯುವ ಫಾರಂ ಜೊತೆಗೇ ಬರುತ್ತದೆ. ಹೆಚ್ಚಿನವರು ಓದದೆ ಸಹಿ ಹಾಕುತ್ತಾರೆ. ಸಹಿ ಹಾಕದಿದ್ದರೆ, ಕ್ಲೈಂಟ್ ಹಣ ಕೊಟ್ಟಿಲ್ಲ ಅಥವಾ ಟೈಮ್‌ಶೀಟ್‌ಗೆ ಸಹಿಯಾಗಿಲ್ಲ ಎಂಬ ಕಾರಣಕ್ಕೆ, ಮಾಡಿದ ಕೆಲಸದ ಹಣವನ್ನು ಏಜೆನ್ಸಿ ತಡೆಹಿಡಿಯುವಂತಿಲ್ಲ. ಸಹಿ ಹಾಕಲೇಬೇಕೆಂದು ಷರತ್ತು ಹಾಕುವಂತೆಯೂ ಇಲ್ಲ. ನಾನು ಹಾಕುವುದಿಲ್ಲ. ಲಿಮಿಟೆಡ್ ಮೂಲಕ ಕೆಲಸ ಮಾಡುವವರಿಗೆ 1998ರ ಲೇಟ್ ಪೇಮೆಂಟ್ ಕಾಯ್ದೆಯೂ ಇದೆ: ತಡವಾದರೆ ಬ್ಯಾಂಕ್ ಆಫ್ ಇಂಗ್ಲೆಂಡ್ ದರದ ಮೇಲೆ 8 ಶೇಕಡಾ ಬಡ್ಡಿ.

ಅಂಬ್ರೆಲಾ ಆರಿಸುವಾಗ ಏಜೆನ್ಸಿಯಿಂದ ಮಾಹಿತಿ ಪತ್ರ, ಕೆಐಡಿ, ಕೇಳಿ ಪಡೆಯಬೇಕು. 2020ರ ಏಪ್ರಿಲ್‌ನಿಂದ ಷರತ್ತು ಒಪ್ಪುವ ಮೊದಲೇ ಕೊಡಬೇಕೆಂದಿದೆ. "80-85 ಶೇಕಡಾ ಕೈಗೆ" ಎನ್ನುವವರ ಹತ್ತಿರ ಹೋಗಲೇಬೇಡಿ. ಮೇಲಿನ ಲೆಕ್ಕದಲ್ಲಿ 2,500ಕ್ಕೆ 1,456, ಅಂದರೆ 58 ಶೇಕಡಾ ಮಾತ್ರ ಬಂತು. ಅದಕ್ಕಿಂತ ಹೆಚ್ಚಿನದನ್ನು ಸಾಲ, ಮುಂಗಡ ಎಂಬ ಹೆಸರಲ್ಲಿ ಕೊಟ್ಟರೆ ತೆರಿಗೆ ಬಾಕಿ ಕಡೆಗೆ ನಿಮ್ಮ ಮನೆಗೇ ಬರಬಹುದು. ಇನ್ನೊಂದು: ಈ ದರದಲ್ಲಿ 46 ವಾರ ದುಡಿದರೆ ಗ್ರಾಸ್ 99,360. ಲಕ್ಷ ದಾಟಿದ ಮೇಲೆ ತೆರಿಗೆರಹಿತ ಮಿತಿ ಕರಗುವುದರಿಂದ ಆ ಹಣಕ್ಕೆ 60 ಶೇಕಡಾ ತೆರಿಗೆ ಬೀಳುತ್ತದೆ. ಸಂಬಳದ ಒಂದು ಭಾಗವನ್ನು ತೆರಿಗೆಗೆ ಮೊದಲೇ ಪೆನ್ಷನ್‌ಗೆ ಹಾಕುವ ಸ್ಯಾಲರಿ ಸ್ಯಾಕ್ರಿಫೈಸ್ ಸೌಲಭ್ಯ ಇದೆಯೇ ಎಂದು ಅಂಬ್ರೆಲಾ ಸೇರುವ ಮೊದಲೇ ಕೇಳಿ.

ನಮ್ಮೂರುಗಳಿಂದ ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಬಂದವರು ಗಮನಿಸಿ: ಸ್ಪಾನ್ಸರ್ ಮಾಡಿದ ಕೆಲಸ ಬಿಟ್ಟು ಹೀಗೆ ಕಾಂಟ್ರ್ಯಾಕ್ಟಿಂಗ್‌ಗೆ ಇಳಿಯುವಂತಿಲ್ಲ. ಐಎಲ್‌ಆರ್ (ಅಲ್ಲಿ ಕಾಯಂ ಆಗಿ ನೆಲೆಸುವ ಅನುಮತಿ) ಸಿಗುವವರೆಗೆ ಕಾಯಬೇಕು. ಡಿಪೆಂಡೆಂಟ್ ವೀಸಾದಲ್ಲಿರುವ ಗಂಡನೋ ಹೆಂಡತಿಯೋ ಮಾಡಬಹುದು.

ಕಡೆಯದಾಗಿ ತಾರೀಖು. ಒಪ್ಪಂದ ಹೊಸ ತೆರಿಗೆ ವರ್ಷ ಶುರುವಾಗುವ ಏಪ್ರಿಲ್ 6ನ್ನು ದಾಟುವುದಿದ್ದರೆ ಒಂದು ಸಾಲು ಸೇರಿಸುತ್ತೇನೆ. 2025ರ ಏಪ್ರಿಲ್‌ನಲ್ಲಿ ಮಾಲೀಕರ ಎನ್‌ಐ 13.8ರಿಂದ 15 ಶೇಕಡಾಕ್ಕೆ ಏರಿತು, ಮಿತಿ ವರ್ಷಕ್ಕೆ 9,100ರಿಂದ 5,000 ಪೌಂಡಿಗೆ ಇಳಿಯಿತು. ಅದೇ 500 ಪೌಂಡ್ ದರದಲ್ಲಿ ವಾರದ ಗ್ರಾಸ್ ಸುಮಾರು 31 ಪೌಂಡ್ ಕಡಿಮೆಯಾಯಿತು. ನಾನು ಸೇರಿಸುವ ಸಾಲು ಇದು: "ಮಾಲೀಕರ ಎನ್‌ಐ ದರ ಅಥವಾ ಮಿತಿ ಬದಲಾದರೆ, ಗ್ರಾಸ್ ಸಂಬಳ ಇಳಿಯದಂತೆ ಅಸೈನ್‌ಮೆಂಟ್ ರೇಟನ್ನು ಆ ದಿನದಿಂದಲೇ ಮರುಲೆಕ್ಕ ಹಾಕತಕ್ಕದ್ದು." ಒಪ್ಪದಿದ್ದರೆ ಒಪ್ಪಂದವನ್ನು ಏಪ್ರಿಲ್ 5ಕ್ಕೇ ಮುಗಿಯುವಂತೆ ಬರೆಸಿ, ಮುಂದುವರಿಕೆಯ ಮಾತನ್ನು ಮಾರ್ಚ್ ಮೊದಲ ವಾರದಲ್ಲಿ ಹೊಸ ದರದೊಂದಿಗೆ ತೆಗೆಯುತ್ತೇನೆ.