ತುಮಕೂರಿನ ಸಣ್ಣ ವರ್ಕ್‌ಶಾಪ್‌ನಲ್ಲಿ ಗೇರ್ ಮತ್ತು ಪುಲ್ಲಿ ತಯಾರಿಕೆ: ಯಾವ ಯಂತ್ರ, ಯಾವ ಕ್ರಮ

ಅಂತರಸನಹಳ್ಳಿ ಅಥವಾ ಹಿರೇಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಒಂದು ಶೆಡ್ ಹಿಡಿದು, ಎರಡು ಲೇತ್ ಇಟ್ಟುಕೊಂಡು ಜಾಬ್‌ವರ್ಕ್ ಮಾಡುವವರಿಗೆ ಗೇರ್ ಕೆಲಸಕ್ಕೆ ಇಳಿಯುವ ಯೋಚನೆ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಅಕ್ಕಿ ಗಿರಣಿಯ ಮುರಿದ ಗೇರ್, ಅಡಿಕೆ ಸುಲಿಯುವ ಯಂತ್ರದ ಸವೆದ ಪುಲ್ಲಿ, ಇಟ್ಟಿಗೆ ಯಂತ್ರದ ಪಿನಿಯನ್ ಹಿಡಿದುಕೊಂಡು ಬಾಗಿಲಿಗೆ ಬರುವವರು ನಮ್ಮ ಜಿಲ್ಲೆಯಲ್ಲಿ ಕಡಿಮೆಯಿಲ್ಲ. ಅಂಥವರಿಗೆ ನಾನು ಮೊದಲು ಹೇಳುವ ಮಾತು ಒಂದೇ: ಕೈಯಲ್ಲಿರುವ ಹಣವನ್ನೆಲ್ಲ ಹಾಬಿಂಗ್ ಮೆಷಿನ್‌ಗೆ (ಹಾಬ್ ಎಂಬ ಸ್ಕ್ರೂ ಆಕಾರದ ಕಟರ್‌ನಿಂದ ಗೇರ್‌ನ ಹಲ್ಲು ಕತ್ತರಿಸುವ ಯಂತ್ರ) ಸುರಿಯಬೇಡಿ, ಒಳ್ಳೆಯ ಮ್ಯಾಂಡ್ರಲ್‌ಗಳಿಗೆ (ಗೇರ್‌ನ ನಡುವಿನ ತೂತಿಗೆ ತೂರಿಸಿ ಅದನ್ನು ಹಿಡಿಯುವ ಸರಳುಗಳು) ಮತ್ತು ಅಳತೆಯ ಸಾಧನಗಳಿಗೆ ಬೇಕಾದ ದುಡ್ಡನ್ನು ಮೊದಲೇ ಎತ್ತಿಟ್ಟು, ಉಳಿದುದರಲ್ಲಿ ಮೆಷಿನ್ ನೋಡಿ.

ಇದನ್ನು ನಾನು ಕಲಿತದ್ದು ನಷ್ಟದಿಂದ. ಹಾಬಿಂಗ್ ಮೆಷಿನ್ ತಂದ ಹೊಸದರಲ್ಲಿ ಗಿರಣಿಯೊಂದಕ್ಕೆ 3 ಮಾಡ್ಯೂಲ್‌ನ (ಮಾಡ್ಯೂಲ್ ಎಂದರೆ ಹಲ್ಲಿನ ಗಾತ್ರದ ಅಳತೆ) ಗೇರ್‌ಗಳನ್ನು ಮಾಡಿಕೊಟ್ಟಿದ್ದೆ. ಹಲ್ಲುಗಳು ಕನ್ನಡಿಯಂತೆ ಹೊಳೆಯುತ್ತಿದ್ದವು, ಆದರೆ ಜೋಡಿಸಿ ಓಡಿಸಿದಾಗ ಸುತ್ತಿಗೊಮ್ಮೆ ಗುಂಯ್ ಎಂದು ಸದ್ದೇಳುತ್ತಿತ್ತು. ಗೇರ್‌ಗಳನ್ನು ಬಿಚ್ಚಿ ತಂದು ಬೆಂಚ್ ಸೆಂಟರಿನ (ಜಾಬನ್ನು ಎರಡು ತುದಿಯಲ್ಲಿ ಹಿಡಿದು ತಿರುಗಿಸುವ ಸಾಧನ) ಮೇಲೆ ಡಯಲ್ ಗೇಜ್ ಇಟ್ಟು ನೋಡಿದರೆ ಹಲ್ಲಿನ ಸುತ್ತು ಬೋರ್‌ಗೆ (ನಡುವಿನ ತೂತಿಗೆ) ಹೋಲಿಸಿದರೆ 0.06 ಮಿ.ಮೀ. ಓಡುತ್ತಿತ್ತು, ಅಂದರೆ ಕೇಂದ್ರ ತಪ್ಪಿ ತಿರುಗುತ್ತಿತ್ತು. ಮೆಷಿನ್‌ನದು ತಪ್ಪಿರಲಿಲ್ಲ. ಬೋರ್‌ಗೂ ಮ್ಯಾಂಡ್ರಲ್‌ಗೂ ನಡುವೆ ಅಷ್ಟು ಸಡಿಲವಿತ್ತು, ಅಷ್ಟೆ. ಹಾಬ್ ಹಲ್ಲನ್ನು ಕತ್ತರಿಸುವುದು ಮೆಷಿನ್ ಟೇಬಲ್‌ನ ಕೇಂದ್ರಕ್ಕೆ ಸರಿಯಾಗಿಯೇ ಹೊರತು ನಿಮ್ಮ ಬೋರ್‌ಗೆ ಸರಿಯಾಗಿ ಅಲ್ಲ. ಆ ಎರಡನ್ನೂ ಒಂದು ಮಾಡುವುದು ಮ್ಯಾಂಡ್ರಲ್‌ನ ಕೆಲಸ.

ಆದ್ದರಿಂದ ಗೇರ್‌ನ ನಿಖರತೆ ಶುರುವಾಗುವುದು ಲೇತ್‌ನಲ್ಲಿ. ಹಳೆಯ ಎಚ್‌ಎಂಟಿ ಲೇತ್ ಆದರೂ ಸರಿ, ಸ್ಪಿಂಡಲ್ ಬೇರಿಂಗ್ ಗಟ್ಟಿಯಾಗಿದ್ದರೆ ಸಾಕು. ಬ್ಲ್ಯಾಂಕ್‌ನ (ಹಲ್ಲು ಕತ್ತರಿಸುವ ಮೊದಲಿನ ತುಂಡಿನ) ಬೋರ್ ಮತ್ತು ಒಂದು ಫೇಸ್ ಅನ್ನು ಒಂದೇ ಹಿಡಿತದಲ್ಲಿ, ಚಕ್‌ನಿಂದ ತೆಗೆಯದೆ ಮುಗಿಸಬೇಕು. ಆ ಫೇಸ್‌ಗೆ ಗುರುತು ಹಾಕಿ, ಹಾಬಿಂಗ್‌ನಲ್ಲಿ ಅದೇ ಮುಖವನ್ನು ಕೆಳಗೆ ಕೂರಿಸಬೇಕು. ಬೋರ್‌ಗೆ ಎಚ್7 (ತೂತಿನ ಅಳತೆಯಲ್ಲಿ ಎಷ್ಟು ವ್ಯತ್ಯಾಸ ನಡೆಯುತ್ತದೆ ಎಂಬ ದರ್ಜೆ) ಅಳತೆ ಇಟ್ಟುಕೊಳ್ಳುವುದು ವಾಡಿಕೆ, 25 ಮಿ.ಮೀ. ಬೋರ್ ಆದರೆ 25.000ರಿಂದ 25.021ರೊಳಗೆ ಬರಬೇಕು. ಫೇಸ್ ಬೋರ್‌ಗೆ ಲಂಬವಾಗಿಲ್ಲದಿದ್ದರೆ ನಟ್ ಬಿಗಿಯುವಾಗ ಮ್ಯಾಂಡ್ರಲ್ಲೇ ಬಾಗುತ್ತದೆ, ಮತ್ತು ನಾಲ್ಕೈದು ಬ್ಲ್ಯಾಂಕ್‌ಗಳನ್ನು ಒಂದರ ಮೇಲೊಂದು ಪೇರಿಸಿ ಕತ್ತರಿಸುವಾಗ ಆ ತಪ್ಪುಗಳೆಲ್ಲ ಕೂಡಿಕೊಳ್ಳುತ್ತವೆ. ಗಟ್ಟಿ ಮಾಡಿ ಗ್ರೈಂಡ್ ಮಾಡಿದ ಮ್ಯಾಂಡ್ರಲ್‌ಗಳನ್ನು ನೀವು ಹೆಚ್ಚಾಗಿ ಮಾಡುವ ನಾಲ್ಕೈದು ಬೋರ್ ಅಳತೆಗಳಿಗೆ ಮಾಡಿಸಿಡಿ. ಕಟ್ ಶುರುಮಾಡುವ ಮೊದಲು ಬ್ಲ್ಯಾಂಕ್‌ನ ಹೊರಸುತ್ತಿಗೆ ಡಯಲ್ ಹಚ್ಚಿ ಒಂದು ಸುತ್ತು ತಿರುಗಿಸಿ ನೋಡುವುದಕ್ಕೆ ಒಂದು ನಿಮಿಷವೂ ಬೇಡ, 0.02 ಮಿ.ಮೀ. ದಾಟಿದರೆ ಬಿಚ್ಚಿ, ಒರೆಸಿ, ಮತ್ತೆ ಕೂರಿಸಿ.

ಇನ್ನು ಹಲ್ಲು ಕತ್ತರಿಸುವ ಯಂತ್ರ. ತಿಂಗಳಿಗೆ ಹತ್ತಿಪ್ಪತ್ತು ಗೇರ್ ಮಾತ್ರ ಬರುವುದಾದರೆ ಮಿಲ್ಲಿಂಗ್ ಮೆಷಿನ್ ಮತ್ತು ಡಿವೈಡಿಂಗ್ ಹೆಡ್ (ಜಾಬನ್ನು ಸಮಭಾಗಗಳಲ್ಲಿ ತಿರುಗಿಸುವ ಸಾಧನ) ಸಾಕು. ಹೆಡ್‌ನ ಅನುಪಾತ 40ಕ್ಕೆ 1, ಅಂದರೆ ಹಿಡಿ 40 ಸುತ್ತು ತಿರುಗಿದರೆ ಜಾಬ್ ಒಂದು ಸುತ್ತು. 28 ಹಲ್ಲಿಗೆ 40ನ್ನು 28ರಿಂದ ಭಾಗಿಸಿದರೆ ಒಂದು ಪೂರ್ಣ ಸುತ್ತು, ಜೊತೆಗೆ 21 ತೂತಿನ ವೃತ್ತದಲ್ಲಿ 9 ತೂತು. ಆದರೆ ಈ ದಾರಿಗೆ ಒಂದು ಮಿತಿಯಿದೆ. ಒಂದು ಮಾಡ್ಯೂಲ್‌ಗೆ 8 ಕಟರ್‌ಗಳ ಸೆಟ್ ಬರುತ್ತದೆ. 26ರಿಂದ 34 ಹಲ್ಲಿಗೆಂದು ಇರುವ ಕಟರ್‌ನ ಆಕಾರ ಕರಾರುವಾಕ್ಕಾಗಿ ಹೊಂದುವುದು 26 ಹಲ್ಲಿಗೆ ಮಾತ್ರ, ಉಳಿದವುಗಳಿಗೆ ಅಂದಾಜು. ನಿಧಾನವಾಗಿ ಓಡುವ ಗೇರ್‌ಗೆ ಇದು ನಡೆಯುತ್ತದೆ. ವೇಗವಾಗಿ, ಸದ್ದಿಲ್ಲದೆ ಓಡಬೇಕಾದ ಗೇರ್‌ಗೆ ಹಾಬಿಂಗ್ ಬೇಕೇಬೇಕು, ಏಕೆಂದರೆ ಅಲ್ಲಿ ಒಂದೇ ಹಾಬ್ ಆ ಮಾಡ್ಯೂಲ್‌ನ ಎಷ್ಟೇ ಹಲ್ಲಿನ ಗೇರ್‌ಗೂ ಸರಿಯಾದ ಇನ್ವಾಲ್ಯೂಟ್ ಆಕಾರವನ್ನು (ಹಲ್ಲಿನ ಬದಿಯ ಬಾಗು) ತಾನೇ ಹುಟ್ಟಿಸುತ್ತದೆ. ಒಳಹಲ್ಲಿನ ಗೇರ್ ಮತ್ತು ಭುಜಕ್ಕೆ ಅಂಟಿಕೊಂಡಿರುವ ಕ್ಲಸ್ಟರ್ ಗೇರ್‌ಗೆ ಹಾಬ್ ಒಳಹೋಗುವುದಿಲ್ಲ. ಅದಕ್ಕೆ ಗೇರ್ ಶೇಪರ್ ಬೇಕು. ಅಂಥ ಕೆಲಸ ಬಂದಾಗ ಹೊರಗೆ ಮಾಡಿಸಿಕೊಳ್ಳಿ.

ಸೆಕೆಂಡ್ ಹ್ಯಾಂಡ್ ಹಾಬಿಂಗ್ ಮೆಷಿನ್ ನೋಡಲು ಹೋದಾಗ ಬಣ್ಣ ನೋಡಬೇಡಿ. ಚೇಂಜ್ ಗೇರ್‌ಗಳ (ಹಲ್ಲಿನ ಸಂಖ್ಯೆಗೆ ತಕ್ಕಂತೆ ಬದಲಿಸಿ ಹಾಕುವ ಗೇರ್‌ಗಳು) ಪೆಟ್ಟಿಗೆ ತೆರೆಸಿ ಎಣಿಸಿ. ಒಂದೆರಡು ಕಳೆದುಹೋಗಿದ್ದರೆ ಮುಂದೆ ಕೆಲವು ಹಲ್ಲಿನ ಸಂಖ್ಯೆಗಳು ನಿಮಗೆ ಸಾಧ್ಯವೇ ಆಗುವುದಿಲ್ಲ. ಟೇಬಲ್‌ನ ಅಂಚಿಗೆ ಡಯಲ್ ಹಚ್ಚಿ ಕೈಯಿಂದ ಹಿಂದೆಮುಂದೆ ಅಲುಗಿಸಿ ಇಂಡೆಕ್ಸ್ ವರ್ಮ್ ಮತ್ತು ವರ್ಮ್ ವೀಲ್ (ಟೇಬಲ್ ತಿರುಗಿಸುವ ಸ್ಕ್ರೂ ಮತ್ತು ಅದರ ಚಕ್ರ) ನಡುವಿನ ಸಡಿಲವನ್ನು ಟೇಬಲ್‌ನ ನಾಲ್ಕು ಕಡೆ ನೋಡಿ. ಎಲ್ಲ ಕಡೆ ಒಂದೇ ಸಮ ಇದ್ದರೆ ಹೊಂದಿಸಬಹುದು, ಒಂದು ಕಡೆ ಹೆಚ್ಚು ಇನ್ನೊಂದು ಕಡೆ ಕಡಿಮೆ ಇದ್ದರೆ ವರ್ಮ್ ವೀಲ್ ಸವೆದಿದೆ ಎಂದರ್ಥ, ಆ ಮೆಷಿನ್ ಬಿಟ್ಟುಬಿಡಿ. ಹಾಬ್ ಆರ್ಬರ್‌ನ (ಹಾಬ್ ಕೂರಿಸುವ ಸರಳಿನ) ಓಟ 0.01 ಮಿ.ಮೀ. ಮೀರಬಾರದು. ಹೆಲಿಕಲ್ (ಓರೆ ಹಲ್ಲಿನ) ಗೇರ್ ಮಾಡುವ ಆಸೆಯಿದ್ದರೆ ಡಿಫರೆನ್ಷಿಯಲ್ ಕೆಲಸ ಮಾಡುತ್ತದೆಯೇ ಎಂದು ಒಂದು ತುಂಡು ಕತ್ತರಿಸಿಯೇ ನೋಡಬೇಕು.

ಕತ್ತರಿಸುವ ಲೆಕ್ಕವನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ. 3 ಮಾಡ್ಯೂಲ್, 20 ಹಲ್ಲು, 20 ಡಿಗ್ರಿ ಪ್ರೆಷರ್ ಆ್ಯಂಗಲ್‌ನ ಸ್ಪರ್ (ನೇರ ಹಲ್ಲಿನ) ಗೇರ್‌ಗೆ ಪಿಸಿಡಿ (ಹಲ್ಲುಗಳು ಕೂಡುವ ಪಿಚ್ ವೃತ್ತದ ವ್ಯಾಸ) 60, ಓಡಿ (ಹೊರವ್ಯಾಸ) 66, ಹಲ್ಲಿನ ಆಳ 6.75 ಮಿ.ಮೀ. ಸ್ಪರ್ ಗೇರ್‌ಗೆ ಹಾಬ್ ತಲೆಯನ್ನು ಹಾಬ್‌ನ ಮೇಲೆ ಕೊರೆದಿರುವ ಲೀಡ್ ಆ್ಯಂಗಲ್‌ನಷ್ಟೇ ಓರೆ ಮಾಡಬೇಕು. ಇಎನ್8 ಉಕ್ಕಿಗೆ, 80 ಮಿ.ಮೀ. ವ್ಯಾಸದ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಹಾಬ್ ಆದರೆ, ನಿಮಿಷಕ್ಕೆ 30 ಮೀಟರ್ ವೇಗ ಬರಲು ಸುಮಾರು 120 ಸುತ್ತು ಸಾಕು. ಆಳವನ್ನು ಒಮ್ಮೆಲೇ ಪೂರ್ತಿ ಕೊಡದೆ ಅರ್ಧ ಮಿ.ಮೀ.ಗೂ ತುಸು ಹೆಚ್ಚು ಉಳಿಸಿ, ಫ್ಲ್ಯಾಂಜ್ ಮೈಕ್ರೋಮೀಟರ್‌ನಿಂದ (ತಟ್ಟೆಯಂಥ ತುದಿಗಳಿರುವ ಮೈಕ್ರೋಮೀಟರ್) ಮೂರು ಹಲ್ಲುಗಳ ಮೇಲೆ ಅಳೆಯಬೇಕು. ಈ ಗೇರ್‌ಗೆ ಆ ಅಳತೆ ಲೆಕ್ಕದ ಪ್ರಕಾರ 22.98; ಬ್ಯಾಕ್‌ಲ್ಯಾಶ್‌ಗೆ (ಕೂಡುವ ಹಲ್ಲುಗಳ ನಡುವಿನ ಸಡಿಲಕ್ಕೆ) ಸ್ವಲ್ಪ ಬಿಟ್ಟು 22.90 ಎಂದು ಗುರಿ ಇಟ್ಟುಕೊಳ್ಳೋಣ. ಮೈಕ್ರೋಮೀಟರ್ 23.25 ತೋರಿಸಿತೆಂದರೆ ಇನ್ನೂ ಹೋಗಬೇಕಾದದ್ದು 0.35, ಅದನ್ನು 1.46ರಿಂದ ಗುಣಿಸಿದರೆ ಬರುವ 0.51 ಮಿ.ಮೀ. ಹಾಬ್ ಇನ್ನೂ ಒಳಗೆ ಹೋಗಬೇಕಾದ ದೂರ. ಈ 1.46 ಎಂಬ ಸಂಖ್ಯೆ 20 ಡಿಗ್ರಿಯ ಯಾವ ಸ್ಪರ್ ಗೇರ್‌ಗಾದರೂ ಸಲ್ಲುತ್ತದೆ. ಇದನ್ನು ಮೆಷಿನ್ ಬಾಗಿಲ ಮೇಲೆ ಪೇಂಟಿನಲ್ಲಿ ಬರೆದಿಟ್ಟರೆ ಹುಡುಗರು ಅಂದಾಜಿನ ಮೇಲೆ ಹೋಗುವುದು ತಪ್ಪುತ್ತದೆ.

ಮಾದರಿಯ ಗೇರ್ ತಂದುಕೊಟ್ಟು ಇದರಂತೆಯೇ ಬೇಕು ಎನ್ನುವ ಗಿರಾಕಿಯ ಕೆಲಸದಲ್ಲಿ ಒಂದು ಎಚ್ಚರ ಬೇಕು. ಹಳೆಯ ಯಂತ್ರಗಳಲ್ಲಿ ಇಂಚಿನ ಲೆಕ್ಕದ ಡಿಪಿ (ಡಯಾಮೆಟ್ರಲ್ ಪಿಚ್, ಪಿಚ್ ವ್ಯಾಸದ ಪ್ರತಿ ಇಂಚಿಗೆ ಎಷ್ಟು ಹಲ್ಲು ಎಂಬ ಲೆಕ್ಕ) ಗೇರ್‌ಗಳು ಇನ್ನೂ ಇವೆ. 30 ಹಲ್ಲಿನ ಗೇರ್‌ನ ಓಡಿ 101.6 ಬಂದರೆ ಅದು ಸರಿಯಾಗಿ 4 ಇಂಚು, ಅಂದರೆ 8 ಡಿಪಿ. 3 ಮಾಡ್ಯೂಲ್ ಆಗಿದ್ದರೆ 96 ಬರಬೇಕಿತ್ತು. ಹತ್ತಿರದ ಮಾಡ್ಯೂಲ್ ಹಾಕಿ ಮಾಡಿಕೊಟ್ಟರೆ ಹಳೆಯ ಜೊತೆಗೇರ್‌ನೊಂದಿಗೆ ಅದು ಎಂದೂ ಹೊಂದುವುದಿಲ್ಲ.

ಹೀಟ್ ಟ್ರೀಟ್‌ಮೆಂಟ್ ಫರ್ನೇಸ್ ಮತ್ತು ಗೇರ್ ಗ್ರೈಂಡಿಂಗ್ ಮೆಷಿನ್ ಅನ್ನು ಶುರುವಿನಲ್ಲಿ ಕೊಳ್ಳುವ ಅಗತ್ಯವಿಲ್ಲ. ಪೀಣ್ಯ ನಮ್ಮ ತುಮಕೂರು ರಸ್ತೆಯಲ್ಲೇ ಇದೆ, ಈ ಎರಡೂ ಕೆಲಸಗಳು ಅಲ್ಲಿ ಜಾಬ್‌ವರ್ಕ್‌ಗೆ ಸಿಗುತ್ತವೆ. ಆದರೆ 20ಎಂಎನ್‌ಸಿಆರ್5ನಂಥ ಉಕ್ಕನ್ನು ಕೇಸ್ ಹಾರ್ಡನಿಂಗ್‌ಗೆ (ಹೊರಪದರ ಗಟ್ಟಿ ಮಾಡುವುದಕ್ಕೆ) ಕಳಿಸುವಾಗ ಬೋರ್ ಆಕಾರ ಕೆಡುತ್ತದೆ ಎಂಬುದನ್ನು ಮನಸ್ಸಿನಲ್ಲಿಟ್ಟು, ಬೋರ್‌ನಲ್ಲಿ 0.2ರಿಂದ 0.3 ಮಿ.ಮೀ. ಉಳಿಸಿ ಕಳಿಸಿ. ವಾಪಸ್ ಬಂದ ಮೇಲೆ ಬೋರ್ ಗ್ರೈಂಡ್ ಮಾಡಿಸುವಾಗ ಓಡಿಯನ್ನು ಹಿಡಿಯಬಾರದು. ಹಲ್ಲಿನ ಸಂದುಗಳಲ್ಲಿ ಪಿನ್ ಇಟ್ಟು ಪಿಸಿಡಿಯ ಮೇಲೆ ಹಿಡಿಯಬೇಕು.

ಪುಲ್ಲಿಯನ್ನು ಸುಲಭದ ಕೆಲಸ ಎಂದು ತಿಳಿಯುವವರೇ ಹೆಚ್ಚು. ವಿ-ಬೆಲ್ಟ್‌ನ ಕೋನ 40 ಡಿಗ್ರಿ, ಆದರೆ ಗ್ರೂವ್‌ನ ಕೋನ ಅಷ್ಟಿರಬಾರದು. ಸಣ್ಣ ಪುಲ್ಲಿಯ ಮೇಲೆ ಬೆಲ್ಟ್ ಬಾಗಿದಾಗ ಅದರ ಕೆಳಭಾಗ ಉಬ್ಬಿ ಕೋನ ಕಿರಿದಾಗುವುದರಿಂದ ಎ ಸೆಕ್ಷನ್‌ನಲ್ಲಿ (ಎ, ಬಿ ಎಂಬುವು ಬೆಲ್ಟ್‌ನ ಗಾತ್ರಗಳು) 118 ಮಿ.ಮೀ. ಪಿಚ್ ವ್ಯಾಸದವರೆಗೆ 34 ಡಿಗ್ರಿ, ಅದರ ಮೇಲೆ 38 ಡಿಗ್ರಿ. ಬಿ ಸೆಕ್ಷನ್‌ನಲ್ಲಿ ಈ ಗಡಿ 190 ಮಿ.ಮೀ. ಎರಡಕ್ಕೂ ಬೇರೆ ಬೇರೆ ಫಾರ್ಮ್ ಟೂಲ್ ಗ್ರೈಂಡ್ ಮಾಡಿಸಿಡಿ. ಮೂರ್ನಾಲ್ಕು ಗ್ರೂವ್ ಇರುವ ಪುಲ್ಲಿಯಲ್ಲಿ ಪ್ರತಿ ಗ್ರೂವ್‌ನಲ್ಲೂ ಒಂದೇ ಅಳತೆಯ ಎರಡು ಪಿನ್ ಇಟ್ಟು ಮೇಲಿನಿಂದ ಅಳೆಯಿರಿ. ವ್ಯಾಸದಲ್ಲಿ ವ್ಯತ್ಯಾಸವಾದರೆ ಭಾರವೆಲ್ಲ ಒಂದೇ ಬೆಲ್ಟ್ ಮೇಲೆ ಬಿದ್ದು ಅದು ಬೇಗ ಹರಿಯುತ್ತದೆ. ಹಲ್ಲಿನ ಬೆಲ್ಟ್ ಓಡುವ ಟೈಮಿಂಗ್ ಪುಲ್ಲಿಯಲ್ಲಿ ಎಡವುವುದು ಇನ್ನೊಂದು ಕಡೆ: ಅದರ ಪಿಚ್ ರೇಖೆ ಲೋಹದಲ್ಲಿಲ್ಲ, ಬೆಲ್ಟ್‌ನೊಳಗಿನ ದಾರದಲ್ಲಿದೆ. 8ಎಂ (8 ಮಿ.ಮೀ. ಪಿಚ್), 30 ಹಲ್ಲಿನ ಪುಲ್ಲಿಗೆ ಪಿಚ್ ವ್ಯಾಸ 76.39 ಇದ್ದರೂ ಓಡಿ 75.02 ಮಾತ್ರ. ಕೀವೇಗೆ (ಕೀ ಕೂರಿಸುವ ಕೊರೆತಕ್ಕೆ) ಸ್ಲಾಟಿಂಗ್ ಮೆಷಿನ್ ಅಥವಾ ಬ್ರೋಚ್ ಸಾಕು. 25 ಬೋರ್‌ಗೆ 8 ಮಿ.ಮೀ. ಅಗಲದ ಕೀ, ಬೋರ್‌ನ ಎದುರು ಬದಿಯಿಂದ ಕೀವೇಯ ತಳಕ್ಕೆ 28.3. ಎರಕದ ಕಬ್ಬಿಣದ ಪುಡಿ ಲೇತ್ ಬೆಡ್ ಅನ್ನು ಉಜ್ಜಿ ತಿನ್ನುತ್ತದೆ, ಆದ್ದರಿಂದ ಬೆಡ್‌ಗೆ ಬಟ್ಟೆ ಮುಚ್ಚಿ ಕೆಲಸ ಮಾಡಿ.

ಕೊನೆಯದು ಅಳತೆಯ ಮೂಲೆ. ಎಚ್‌ಎಂಟಿ ಕೈಗಡಿಯಾರದ ಕಾರ್ಖಾನೆ ಇದ್ದ ಊರಿಗೆ ಮೈಕ್ರಾನ್ ಎಂಬ ಮಾತು ಹೊಸದಲ್ಲ. ಗ್ರಾನೈಟ್ ಸರ್ಫೇಸ್ ಪ್ಲೇಟ್, ಬೆಂಚ್ ಸೆಂಟರ್, ಲಿವರ್ ಡಯಲ್, ಬೋರ್ ಗೇಜ್, ಫ್ಲ್ಯಾಂಜ್ ಮೈಕ್ರೋಮೀಟರ್, ಒಂದು ಸೆಟ್ ಸ್ಲಿಪ್ ಗೇಜ್ (ಅಳತೆ ಸರಿನೋಡುವ ಉಕ್ಕಿನ ತುಂಡುಗಳು) ಮೊದಲ ದಿನವೇ ಇರಲಿ. ಇವನ್ನು ಶೆಡ್‌ನ ಪಶ್ಚಿಮದ ಗೋಡೆಗೆ, ಮಧ್ಯಾಹ್ನದ ಬಿಸಿಲು ಬಡಿಯುವ ತಗಡಿನ ಪಕ್ಕದಲ್ಲಿ ಇಡಬೇಡಿ. ಅಳತೆಗೆ ಜಗತ್ತೇ ಒಪ್ಪಿದ ಉಷ್ಣತೆ 20 ಡಿಗ್ರಿ. 35 ಡಿಗ್ರಿಯ ಏಪ್ರಿಲ್ ಮಧ್ಯಾಹ್ನದಲ್ಲಿ 100 ಮಿ.ಮೀ. ಉಕ್ಕು ಸುಮಾರು 17 ಮೈಕ್ರಾನ್ ಹಿಗ್ಗಿರುತ್ತದೆ, ಅದು ಆ ಅಳತೆಯ ಎಚ್7 ಅವಕಾಶದ ಹೆಚ್ಚುಕಡಿಮೆ ಅರ್ಧ. ಏರ್ ಕಂಡೀಷನರ್ ಹಾಕುವ ಶಕ್ತಿ ಇಲ್ಲದಿದ್ದರೆ ಜಾಬ್, ಮೈಕ್ರೋಮೀಟರ್, ಸ್ಲಿಪ್ ಗೇಜ್ ಮೂರನ್ನೂ ಒಂದೇ ಕಲ್ಲಿನ ಮೇಲೆ ಒಂದು ಗಂಟೆ ಬಿಟ್ಟು ಆಮೇಲೆ ಅಳೆಯಿರಿ. ಮೂರೂ ಉಕ್ಕಿನವೇ ಆದ್ದರಿಂದ ಜೊತೆಯಾಗಿ ಹಿಗ್ಗಿ ತಪ್ಪು ಬಹುಪಾಲು ಕಳೆದುಹೋಗುತ್ತದೆ. ಗೇಜ್‌ಗಳನ್ನು ವರ್ಷಕ್ಕೊಮ್ಮೆ ಕ್ಯಾಲಿಬ್ರೇಷನ್‌ಗೆ ಕಳಿಸಿ, ಬಂದ ಪ್ರಮಾಣಪತ್ರವನ್ನು ಅದೇ ಮೂಲೆಯಲ್ಲಿ ತೂಗುಹಾಕಿ. ಗಿರಾಕಿಗೆ ಗೇರ್ ಕೊಡುವಾಗ ಮೂರು ಹಲ್ಲಿನ ಅಳತೆ ಮತ್ತು ಓಟ ಎರಡನ್ನೂ ಒಂದು ಚೀಟಿಯಲ್ಲಿ ಬರೆದು ಗೇರ್‌ಗೆ ಕಟ್ಟಿ ಕಳಿಸಿ, ಅದರ ನಕಲನ್ನು ಹಾಕಿದ್ದ ಚೇಂಜ್ ಗೇರ್‌ಗಳ ಸಂಖ್ಯೆಯೊಂದಿಗೆ ನಿಮ್ಮ ಪುಸ್ತಕದಲ್ಲಿ ಇಟ್ಟುಕೊಳ್ಳಿ.